ಸೀಸದ ಜಾಡು ಹಿಡಿದವರು



ಅಳತೆ ತಪ್ಪಿದಾಗ ಅಳೆದವನ ಕೈಯನ್ನು ದೂಷಿಸುವುದು ಲೋಕರೂಢಿ. ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ನರೂ ಮೊದಲು ತಮ್ಮ ಕೈಯನ್ನೇ ಶಂಕಿಸಿದರು. ಅವರ ಜೀವನವೃತ್ತಾಂತವನ್ನು ಈ ಸಲ ನಿಮ್ಮ ಮುಂದಿಡಬೇಕೆಂದು ನಮಗೆ ತೋರಿತು.

1922ರಲ್ಲಿ ಅಯೋವಾ ಪ್ರಾಂತದ ಸಣ್ಣ ಊರೊಂದರಲ್ಲಿ ಹುಟ್ಟಿದ ಪ್ಯಾಟರ್ಸನ್ನರಿಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಗುರುಗಳಾದ ಹ್ಯಾರಿಸನ್ ಬ್ರೌನ್ ಒಪ್ಪಿಸಿದ ಕೆಲಸ ಇಷ್ಟೇ: ಜಿರ್ಕಾನ್ ಎಂಬ ಹರಳಿನ ಕಣಗಳಲ್ಲಿ ಸೀಸವೆಷ್ಟಿದೆಯೆಂದು ಅಳೆಯುವುದು. ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಎರಡರ ಪ್ರಮಾಣವೂ ತಿಳಿದರೆ ಶಿಲೆಯ ವಯಸ್ಸು ತಿಳಿಯುತ್ತದೆ. ಜೊತೆಗಾರ ಜಾರ್ಜ್ ಟಿಲ್ಟನ್ ಅಳೆದ ಯುರೇನಿಯಂ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಪ್ಯಾಟರ್ಸನ್ನರ ಸೀಸ ಮಾತ್ರ ಪ್ರತಿಸಲವೂ ಇರಬೇಕಾದುದಕ್ಕಿಂತ ಬಹಳ ಹೆಚ್ಚು. ಹುಡುಕುತ್ತ ಹೋದಂತೆ ನಲ್ಲಿಯ ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಗಾಳಿಯ ಧೂಳಿನಲ್ಲಿ, ಸ್ವತಃ ತಮ್ಮ ಬಟ್ಟೆ ಕೂದಲುಗಳಲ್ಲಿ ಸೀಸ ಕಂಡಿತು. ಪಾತ್ರೆಗಳನ್ನು ಆಮ್ಲದಲ್ಲಿ ತೊಳೆದರು, ದ್ರಾವಣಗಳನ್ನು ಭಟ್ಟಿಯಿಳಿಸಿದರು, ಕೋಣೆಯ ಗಾಳಿಯನ್ನು ಸೋಸಿದರು. ಈ ಮಾರ್ಜನಕಾರ್ಯದಲ್ಲಿಯೇ ವರ್ಷಗಳು ಕಳೆದವು. 1952ರಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಗೆ ಬಂದ ಮೇಲೆ ಅದಕ್ಕೆಂದೇ ಪ್ರಯೋಗಶಾಲೆಯೊಂದನ್ನು ಕಟ್ಟಿಕೊಂಡರು.

ಸೀಸವು ಒಂದೇ ಧಾತುವಾದರೂ ಅದರ ಪರಮಾಣುಗಳು ತೂಕದಲ್ಲಿ ನಾಲ್ಕು ಬಗೆ: 204, 206, 207, 208. ಇವೇ ಐಸೋಟೋಪುಗಳು. ಮೊದಲನೆಯದು ಆದಿಯಲ್ಲಿದ್ದಷ್ಟೇ ಇದೆ. ಉಳಿದ ಮೂರು, ಯುರೇನಿಯಂ ಮತ್ತು ಥೋರಿಯಂಗಳ ಕ್ಷಯದಿಂದ ಹೆಚ್ಚುತ್ತ ಬಂದಿವೆ. ಈ ತಾರತಮ್ಯವೇ ಗಡಿಯಾರ. (ವ್ಯಾಕರಣ ಓದಿದ ನಮಗೆ ಇಷ್ಟನ್ನು ಅರಗಿಸಿಕೊಳ್ಳಲು ಕೆಲವು ದಿನಗಳೇ ಬೇಕಾದವು.) ಆಕಾಶದಿಂದ ಬಿದ್ದ ಉಲ್ಕಾಶಿಲೆಗಳ ಸೀಸವನ್ನು 1953ರಲ್ಲಿ ಅಳೆದು, 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು ಅವರು ಪ್ರಕಟಿಸಿದರು. ಸಾಗರತಳದ ಕೆಸರಿನ ಸೀಸವೂ ಉಲ್ಕೆಗಳ ಗೆರೆಯ ಮೇಲೆಯೇ ಬಿದ್ದು, ಭೂಮಿಯೂ ಅವೂ ಸಮವಯಸ್ಕವೆಂಬುದಕ್ಕೆ ಸಾಕ್ಷಿಯಾಯಿತು. ಆ ಸಂಖ್ಯೆ ಇಂದಿಗೂ ಹೆಚ್ಚು ಕದಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವರ ಬಾಳು ಸುಖವಾಗಿ ಸಾಗುತ್ತಿತ್ತು. ಆದರೆ ಆ ಕೆಸರಿನ ಸೀಸ ಅವರನ್ನು ಸಮುದ್ರದ ಕಡೆಗೆ ಎಳೆಯಿತು. ಮಿತ್ಸುನೊಬು ತತ್ಸುಮೊಟೊ ಅವರೊಡನೆ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ನೀರನ್ನು ಪರೀಕ್ಷಿಸಿ 1963ರಲ್ಲಿ ಪ್ರಕಟಿಸಿದ ಫಲಿತಾಂಶ ವಿಪರೀತವಾಗಿತ್ತು. ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಹಲವು ಪಟ್ಟು ಹೆಚ್ಚು! ಸಾಗರದ ಮೇಲುನೀರು ತಳದ ನೀರಿನೊಡನೆ ಬೆರೆಯಲು ನೂರಾರು ವರ್ಷಗಳು ಬೇಕು. ಹಾಗಾದರೆ ಮೇಲಿರುವ ಸೀಸ ಈಚೆಗೆ ಬಿದ್ದುದೇ ಸರಿ. ಎಲ್ಲಿಂದ? ಮೋಟಾರುಗಳ ಹೊಗೆಯಿಂದ, 1923ರಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿ ಮಾರುತ್ತಿದ್ದರು. ಶಿಕಾಗೋದಲ್ಲಿ ಅವರ ಅಳತೆ ಕೆಡಿಸಿದ ಕೊಳೆ ಲೋಕವನ್ನೇ ಮುಸುಕಿತ್ತು.

ಮನುಷ್ಯದೇಹದಲ್ಲಿ ಸೀಸವಿರುವುದು ಸಹಜವೆಂದು ಉದ್ಯಮದ ವೈದ್ಯತಜ್ಞ ರಾಬರ್ಟ್ ಕೆಹೋ ದಶಕಗಳಿಂದ ಹೇಳುತ್ತಿದ್ದರು. 1965ರ ಲೇಖನದಲ್ಲಿ ಪ್ಯಾಟರ್ಸನ್ ಕೊಟ್ಟ ಉತ್ತರ ಶಬ್ದವಿಚಾರ ಮಾಡುವ ನಮಗೆ ಬಹಳ ಹಿಡಿಸಿದೆ. ಎಲ್ಲರಲ್ಲಿಯೂ ಕಂಡುಬರುವುದು ಸಾಮಾನ್ಯ. ಅಷ್ಟರಿಂದಲೇ ಅದು ಸಹಜವಾಗದು ಎಂಬುದು ಅದರ ಸಾರ. ಅವರ ಅಂದಾಜಿನಲ್ಲಿ ಅಂದಿನ ಅಮೆರಿಕನ್ನರ ಮೈಯಲ್ಲಿದ್ದ ಸೀಸ, ಸಹಜಕ್ಕಿಂತ ಸುಮಾರು ನೂರು ಪಟ್ಟು.

ತೈಲೋದ್ಯಮದಿಂದ ಅವರ ಸಂಶೋಧನೆಗೆ ಬರುತ್ತಿದ್ದ ಹಣ ನಿಂತುಹೋಯಿತು. 1971ರಲ್ಲಿ ಗಾಳಿಯ ಸೀಸವನ್ನು ಕುರಿತು ರಚಿತವಾದ ರಾಷ್ಟ್ರೀಯ ಸಮಿತಿಯಲ್ಲಿ, ಆ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವರಿಗೇ ಸ್ಥಾನವಿರಲಿಲ್ಲ. ಸಮಿತಿಗಳ ಈ ಬಗೆ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ. ಅವರು ಜಗಳಕ್ಕಿಂತ ಹೆಚ್ಚಾಗಿ ಅಳತೆಯನ್ನು ನಂಬಿದರು. ಗ್ರೀನ್‌ಲೆಂಡಿನ ಹಿಮದ ಪದರಗಳಲ್ಲಿ ಕ್ರಿಸ್ತಪೂರ್ವ 800ರಿಂದ 1965ರವರೆಗೆ ಸೀಸ ಇನ್ನೂರು ಪಟ್ಟು ಏರಿದುದನ್ನು 1969ರಲ್ಲಿ ತೋರಿಸಿದರು. 1980ರಲ್ಲಿ ಟ್ಯೂನಾ ಮೀನಿನ ಪರೀಕ್ಷೆ. ಮೀನಿನ ಮಾತು ನಮ್ಮ ವಾಚಕರ ಅಡುಗೆಮನೆಗೆ ಸೇರಿದ್ದಲ್ಲವಾದರೂ ವಿಷಯ ಕೇಳತಕ್ಕದ್ದು. ಸೀಸದ ಬೆಸುಗೆಯ ಡಬ್ಬಿಯಲ್ಲಿದ್ದ ಮೀನಿನಲ್ಲಿ, ಸಮುದ್ರದಿಂದ ಆಗತಾನೆ ಹಿಡಿದ ಮೀನಿಗಿಂತ ಸುಮಾರು 4000 ಪಟ್ಟು ಸೀಸವಿತ್ತು. ಸರ್ಕಾರಿ ಪ್ರಯೋಗಶಾಲೆಯಾದರೋ ತಾಜಾ ಮೀನಿನ ಸೀಸವನ್ನೇ ಸಾವಿರಕ್ಕೂ ಮಿಕ್ಕಿ ಪಟ್ಟು ಹೆಚ್ಚಾಗಿ ಬರೆದಿಟ್ಟಿತ್ತು. ಅಲ್ಲಿಯವರು ತಮ್ಮ ಕೋಣೆಯ ಕೊಳೆಯನ್ನೇ ಅಳೆದಿದ್ದರು.

ಪೆಟ್ರೋಲಿನ ಸೀಸ ಕಡಿಮೆಯಾದಂತೆ, 1976ರಿಂದ 1991ರೊಳಗೆ ಅಮೆರಿಕನ್ನರ ರಕ್ತದಲ್ಲಿನ ಸೀಸ ಮುಕ್ಕಾಲು ಪಾಲಿಗೂ ಹೆಚ್ಚು ಇಳಿಯಿತು. 1995ರ ಡಿಸೆಂಬರ್ 5ರಂದು ಪ್ಯಾಟರ್ಸನ್ ತೀರಿಕೊಂಡರು. ಮರುತಿಂಗಳೇ, 1996ರ ಜನವರಿಯಲ್ಲಿ, ಅವರ ದೇಶದ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ಸಂಪೂರ್ಣ ನಿಷಿದ್ಧವಾಯಿತು. ನಮ್ಮ ಭಾರತದಲ್ಲಿ 2000ದಲ್ಲಿ. ಎಲ್ಲರಿಗಿಂತ ಕೊನೆಗೆ ಅಲ್ಜೀರಿಯಾದಲ್ಲಿ, 2021ರಲ್ಲಿ. ಬರ್ಮುಡಾ ದ್ವೀಪದ ಬಳಿ ಅಟ್ಲಾಂಟಿಕ್ಕಿನ ಮೇಲುನೀರನ್ನು ಅಳೆಯುತ್ತ ಬಂದ ವಿಜ್ಞಾನಿಗಳು, 1970ರ ದಶಕದ ಕೊನೆಯಿಂದ ಅಲ್ಲಿ ಸೀಸ ಇಳಿಯುತ್ತ ಹೋದುದನ್ನು ದಾಖಲಿಸಿದ್ದಾರೆ.