ಬೆಳೆದು ಮುಗಿಯದ ಮೈ

ಮಂಡ್ಯದ ಕಡೆ ಕಬ್ಬು ಕಡಿದ ಮಾತ್ರಕ್ಕೆ ಬೆಳೆ ಮುಗಿಯಿತು ಅನ್ನುವಂತಿಲ್ಲ. ನೆಲದೊಳಗೆ ಉಳಿದ ಬುಡದ ಕಣ್ಣುಗಳು ಒಡೆದು ಕೂಳೆ ಏಳುತ್ತದೆ. ಬಿತ್ತನೆಯ ಖರ್ಚಿಲ್ಲದೆ ಇನ್ನೊಂದು ಬೆಳೆ ಕೈಗೆ ಬರುತ್ತದೆ. ಅದೇ ರೈತನ ಕೊಟ್ಟಿಗೆಯ ಹಸುವಿಗೆ ಕಾಲು ಹೋದರೆ ಹೋದದ್ದೇ. ಗಿಡ ಸರಳ ಜೀವಿ, ಪ್ರಾಣಿ ಸಂಕೀರ್ಣ ಜೀವಿ, ಅದಕ್ಕೇ ಹೀಗೆ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ.

ಎರಡೂ ಬಗೆಯ ಬೆಳವಣಿಗೆಯನ್ನು ಅಕ್ಕಪಕ್ಕದಲ್ಲಿ ನೋಡಲು ಮಳವಳ್ಳಿ ಸೀಮೆಯ ರೇಷ್ಮೆ ಮನೆಗಿಂತ ಒಳ್ಳೆಯ ಜಾಗವಿಲ್ಲ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ (ಚರ್ಮ ಕಳಚುವ ಹಂತ) ದಾಟಿ, ಸುಮಾರು 25 ದಿನಗಳಲ್ಲಿ ಗೂಡು ಕಟ್ಟಲು ಹಣ್ಣಾಗುವ ಹೊತ್ತಿಗೆ ಅದರ ತೂಕ ಹೆಚ್ಚುಕಡಿಮೆ 10,000 ಪಟ್ಟು ಏರಿರುತ್ತದೆ. ಆದರೂ ಒಂದು ಕಾಲು ಹೆಚ್ಚಾಗಿರುವುದಿಲ್ಲ, ಮೈಯ ಒಂದು ಖಂಡ ಕೂಡಿರುವುದಿಲ್ಲ. ಮುಂದೆ ಪತಂಗಕ್ಕೆ ಬೇಕಾಗುವ ರೆಕ್ಕೆಯ ಮೂಲವೂ ಹುಳುವಿನ ಒಳಗೇ ಅಡಗಿರುತ್ತದೆ. ಹಿಗ್ಗದ ಹಳೇ ಚರ್ಮವನ್ನು ಯಾವಾಗ ಕಳಚಬೇಕೆಂದು ಹಾರ್ಮೋನು ಹೇಳುತ್ತದೆ. ಅದನ್ನು ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಬೇರ್ಪಡಿಸಿದಾಗ 500 ಕಿಲೋ ರೇಷ್ಮೆ ಪ್ಯೂಪಗಳಿಂದ ಸಿಕ್ಕಿದ್ದು 25 ಮಿಲಿಗ್ರಾಂ.

ಆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಗೆ ಇಂಥ ಲೆಕ್ಕವಿಲ್ಲ. ಎಷ್ಟು ಎಲೆ, ಎಷ್ಟು ರೆಂಬೆ ಎಂಬುದು ಬೀಜದಲ್ಲಿ ತೀರ್ಮಾನವಾಗಿರುವುದಿಲ್ಲ. ನೀರು, ಬಿಸಿಲು, ರೈತನ ಕುಡುಗೋಲು ಸೇರಿ ಅದನ್ನು ನಿರ್ಧರಿಸುತ್ತವೆ. ಕುಡಿಯಲ್ಲಿ, ಬೇರಿನ ತುದಿಯಲ್ಲಿ, ಎಲೆಯ ಕಂಕುಳಿನ ಮೊಗ್ಗಿನಲ್ಲಿ ಎಳೆಯ ಜೀವಕೋಶಗಳ ಗುಂಪುಗಳಿರುತ್ತವೆ. ಪಠ್ಯಪುಸ್ತಕದಲ್ಲಿ ಇದಕ್ಕೆ ವರ್ಧನ ಅಂಗಾಂಶ ಎಂದು ಹೆಸರು. ಪ್ರಾಣಿಯ ಅಂಗಾಂಗಗಳು ಹೆಚ್ಚಿನಂಶ ಭ್ರೂಣದಲ್ಲೇ ಮೂಡಿಬಿಡುತ್ತವೆ. ಗಿಡ ಮಾತ್ರ ಭ್ರೂಣದ ಕೆಲಸವನ್ನು ಬದುಕಿರುವಷ್ಟು ಕಾಲವೂ ನಡೆಸುತ್ತಲೇ ಇರುತ್ತದೆ. (ಹಲ್ಲಿಯ ಬಾಲ ಮತ್ತೆ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಬೆಳೆಯುತ್ತದೆ, ಆದರೆ ಬಿದ್ದ ಬಾಲದಿಂದ ಹಲ್ಲಿ ಹುಟ್ಟುವುದಿಲ್ಲ.)

ಇದಕ್ಕೆ ಕಾರಣವನ್ನು ಗಿಡ ನಿಂತಲ್ಲೇ ನಿಂತಿರುವುದರಲ್ಲಿ ಹುಡುಕಬೇಕು. ಹಸಿದ ಹಸು ಹುಲ್ಲಿದ್ದಲ್ಲಿಗೆ ನಡೆಯುತ್ತದೆ. ಗಿಡ ನೀರಿದ್ದ ಕಡೆ ಬೇರು ಬೆಳೆಸಬೇಕು, ಬೆಳಕಿದ್ದ ಕಡೆ ಕುಡಿ ಚಾಚಬೇಕು. ಅದರ ಜೀವಕೋಶಗಳಿಗೂ ಗಟ್ಟಿ ಭಿತ್ತಿ ಇರುವುದರಿಂದ, ಪ್ರಾಣಿಯ ಭ್ರೂಣದಲ್ಲಿ ಆಗುವಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಆಗದು. ಗಾಳಿಮಳೆಗೆ ಮಲಗಿದ ಕಬ್ಬನ್ನು ಕೆಲವು ದಿನ ಬಿಟ್ಟು ನೋಡಿ: ತುದಿ ಮತ್ತೆ ಮೇಲಕ್ಕೆ ಬಾಗಿರುತ್ತದೆ. ಅಲ್ಲಿ ಸ್ನಾಯು ಇಲ್ಲ, ಕೀಲಿಲ್ಲ. ಗಿಣ್ಣಿನ ಕೆಳಮಗ್ಗುಲು ಮೇಲ್ಮಗ್ಗುಲಿಗಿಂತ ಹೆಚ್ಚು ಬೆಳೆದು ಜಲ್ಲೆಯನ್ನು ಎತ್ತಿದೆ. ಪ್ರಾಣಿ ಚಲನೆಯಿಂದ ಮಾಡುವ ಎಷ್ಟೋ ಕೆಲಸವನ್ನು ಗಿಡ ಬೆಳವಣಿಗೆಯಿಂದಲೇ ಮಾಡುತ್ತದೆ. ಇದನ್ನು ಸರಳತನ ಎನ್ನುವುದು ಪ್ರಾಣಿಗಳಾದ ನಮ್ಮ ಜಂಬ.

ತುಂಡಿನಿಂದಲೇ ಇಡೀ ಗಿಡವಾಗಬಲ್ಲ ಈ ಶಕ್ತಿಗೆ ಬೆಲೆಯೂ ಇದೆ. ತುಂಡು ನೆಟ್ಟು ಬೆಳೆಸಿದ ಕೊ 62175 ತಳಿಯ ಕಬ್ಬು ಎಷ್ಟು ಸಾವಿರ ಎಕರೆಯಲ್ಲಿದ್ದರೂ ಮೂಲದಲ್ಲಿ ಒಂದೇ ಗಿಡದ ವಿಸ್ತರಣೆ. ಒಂದರ ದೌರ್ಬಲ್ಯವೇ ಎಲ್ಲದರ ದೌರ್ಬಲ್ಯ. ರೋಗದ ತುಂಡು ನೆಟ್ಟರೆ ರೋಗವನ್ನೂ ನೆಟ್ಟಂತೆ. ಹೊಸ ತಳಿ ಬೇಕಾದರೆ ಕಬ್ಬು ಸೂಲಂಗಿ (ಹೂತೆನೆ) ಬಿಡಬೇಕು, ಬೀಜವಾಗಬೇಕು. 1912ರಿಂದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಮಾಡುತ್ತ ಬಂದಿರುವುದು ಈ ಕೆಲಸವನ್ನೇ. ಇತ್ತ ರೈತನ ಗದ್ದೆಯಲ್ಲಿ ಸೂಲಂಗಿ ಬಂತೆಂದರೆ ಆ ಜಲ್ಲೆಯ ತುದಿ ಮುಂದೆ ಎಲೆಯನ್ನೂ ಗಿಣ್ಣನ್ನೂ ಕೊಡುವುದಿಲ್ಲ. ಅಂದರೆ ಗಿಡದ ಬೆಳವಣಿಗೆಗೆ ಕೊನೆಯೇ ಇಲ್ಲ ಎಂಬುದೂ ಅರ್ಧಸತ್ಯ. ಒಂದೊಂದು ತುದಿಗೂ ಕೊನೆಯಿದೆ, ಬೇರೆ ಕಣ್ಣುಗಳು ಕಾದಿರುವುದರಿಂದ ಗಿಡ ಉಳಿಯುತ್ತದೆ.

ಕಾದಿರುವ ಕಣ್ಣುಗಳೇ ಇಲ್ಲದಿದ್ದರೆ ಏನಾಗುತ್ತದೆಂದು ಮದ್ದೂರಿನ ತೆಂಗಿನ ತೋಟಗಳವರಿಗೆ ಗೊತ್ತು. ತೆಂಗಿಗೆ ಇರುವುದು ನೆತ್ತಿಯ ಒಂದೇ ಸುಳಿ. ಅದರ ಕಂಕುಳಿನ ಮೊಗ್ಗುಗಳು ಹೊಂಬಾಳೆಯಾಗುತ್ತವೆ, ರೆಂಬೆಯಾಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ತೆಂಗಿನ ಬುಡವನ್ನಷ್ಟೇ ನೋಡಿ ಸುಮ್ಮನಾಗಬೇಡಿ, ನೆತ್ತಿಯನ್ನೂ ನೋಡಿಸಿ. ಸುಳಿಕೊಳೆ ರೋಗ ಒಳಗಿನ ಎಳೆಯ ತುದಿಯನ್ನು ತಲುಪುವ ಮೊದಲೇ ಕೊಳೆತದ್ದನ್ನು ಕೆತ್ತಿ ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯುತ್ತದೆ. ತುದಿ ಸತ್ತ ಮೇಲೆ ಯಾವ ಗೊಬ್ಬರ ಹಾಕಿದರೂ ಆ ತೆಂಗು ಮತ್ತೆ ಗರಿ ಬಿಡುವುದಿಲ್ಲ.