ನೀರಿನ ಹೆಸರಿನಲ್ಲಿ ಮಾರುವ ತಂಪು

ಮುಂಬೈಯ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡ್. ಭಾಷೆ ಯಾವುದೇ ಇರಲಿ, ಡೆಸ್ಕ್‌ಟಾಪ್ ಜೋಡಿಸಿಕೊಳ್ಳಲು ಹೋದವರಿಗೆ ಬಿಲ್ ಹಾಕುವ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ: ಏರ್ ಕೂಲರ್ ಸಾಕಾ, ಲಿಕ್ವಿಡ್ ಹಾಕೋಣವಾ? ಆ ‘ಸಾಕಾ’ ಎಂಬಲ್ಲೇ ಅರ್ಧ ವ್ಯಾಪಾರ ಕುದುರಿರುತ್ತದೆ. ಎಂಬತ್ತು ಸಾವಿರ ಖರ್ಚು ಮಾಡುತ್ತಿರುವವರು ಇನ್ನೊಂದು ಎಂಟು ಸಾವಿರಕ್ಕೆ ಜಿಪುಣರಾಗಿ ಕಾಣಲು ಯಾಕೆ ಒಪ್ಪುತ್ತಾರೆ?

ಆದರೆ ಆ ಪ್ರಶ್ನೆಗೆ ಹೆಚ್ಚಿನ ಮನೆಗಳ ಮಟ್ಟಿಗೆ ಉತ್ತರ ಸರಳ. ಏರ್ ಕೂಲರ್ ಸಾಕು. ಸಾಕು ಅಷ್ಟೇ ಅಲ್ಲ, ಅದೇ ಮೇಲು.

ನೀರು ಅಂದರೆ ತಂಪು ಎಂಬ ನಂಬಿಕೆ ನಮ್ಮಲ್ಲಿ ಹುಟ್ಟಿನಿಂದ ಬಂದದ್ದು. ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ, ಬೇಸಿಗೆಯಲ್ಲಿ ದಿಲ್ಲಿಯ ಕಿಟಕಿಗಳಲ್ಲಿ ಗುರುಗುಡುವ ಡೆಸರ್ಟ್ ಕೂಲರ್ ಒಣಗಾಳಿಯನ್ನು ತಂಪು ಮಾಡುತ್ತದೆ. ಎರಡೂ ಕಡೆ ಕೆಲಸ ಮಾಡುವುದು ಆವಿಯಾಗುವಿಕೆ. ನೀರು ಆವಿಯಾಗಿ ಹೊರಗೆ ಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಹಾಗಾಗಿಯೇ ಗಾಳಿಯಲ್ಲಿ ತೇವ ತುಂಬಿರುವ ಚೆನ್ನೈನಲ್ಲಿ ಅದೇ ಡೆಸರ್ಟ್ ಕೂಲರ್ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ. ಪ್ರೊಸೆಸರ್‌ನ ಲಿಕ್ವಿಡ್ ಕೂಲರ್‌ಗೂ ಮಡಕೆಗೂ ಯಾವ ನಂಟೂ ಇಲ್ಲ. ಅದು ಮುಚ್ಚಿದ ಕೊಳವೆ. ಅದರ ಹತ್ತಿರದ ಬಂಧು ಲಾರಿಯ ರೇಡಿಯೇಟರ್. ಪ್ರೊಸೆಸರ್ ಮೇಲಿನ ಶಾಖವನ್ನು ನೀರು ಒಂದಡಿ ದೂರದ ರೇಡಿಯೇಟರ್‌ಗೆ ಸಾಗಿಸುತ್ತದೆ, ಅಲ್ಲಿ ಫ್ಯಾನು ಅದನ್ನು ಗಾಳಿಗೆ ತಳ್ಳುತ್ತದೆ. ಕೊನೆಗೂ ತಂಪು ಮಾಡುವುದು ಗಾಳಿಯೇ. ಕೋಣೆಯಲ್ಲಿ 40 ಡಿಗ್ರಿ ಇದ್ದರೆ ಎರಡು ಬಗೆಯ ಕೂಲರ್‌ಗಳಿಗೂ 40ರ ಕೆಳಗೆ ಇಳಿಯುವ ದಾರಿ ಇಲ್ಲ. ಲಿಕ್ವಿಡ್ ಹಾಕಿಸಿದರೆ ಕೋಣೆ ಬಿಸಿಯಾಗುವುದಿಲ್ಲ ಎಂಬ ಮಾತಂತೂ ಶುದ್ಧ ಸುಳ್ಳು. ಪ್ರೊಸೆಸರ್ 150 ವ್ಯಾಟ್ ಉಂಡರೆ ಕೋಣೆಗೆ ಸೇರುವುದೂ 150 ವ್ಯಾಟ್ ಶಾಖವೇ.

ಇನ್ನೊಂದು ತಮಾಷೆಯಿದೆ. ಏರ್ ಕೂಲರ್ ಎಂದು ಕರೆಸಿಕೊಳ್ಳುವ ವಸ್ತುವಿನೊಳಗೂ ಸಾಮಾನ್ಯವಾಗಿ ನೀರಿರುತ್ತದೆ. ಅದರ ತಾಮ್ರದ ಕೊಳವೆಗಳು ಹೀಟ್ ಪೈಪ್‌ಗಳು, 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ರೂಪಿಸಿದ ಉಪಕರಣದ ವಂಶದವು. ಗಾಳಿ ತೆಗೆದು ಮುಚ್ಚಿದ ಆ ಕೊಳವೆಯಲ್ಲಿ ಕೆಲವೇ ಹನಿ ನೀರು. ಒತ್ತಡ ಕಡಿಮೆ ಇರುವುದರಿಂದ ಅದು 100 ಡಿಗ್ರಿಗೆ ಕಾಯದೆ ಬಿಸಿ ತುದಿಯಲ್ಲಿ ಬೇಗ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅಲ್ಯೂಮಿನಿಯಂ ರೆಕ್ಕೆಗಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಕೊಳವೆಯ ಒಳಗೋಡೆ ಆ ನೀರನ್ನು ಹೀರಿ ಬಿಸಿ ತುದಿಗೆ ಮರಳಿಸುತ್ತದೆ. ಪಂಪಿಲ್ಲ, ಮೋಟಾರಿಲ್ಲ, ರಬ್ಬರ್ ನಳಿಗೆಯಿಲ್ಲ. ಕೆಡುವ ಭಾಗ ಫ್ಯಾನು ಒಂದೇ, ಅದನ್ನು ಯಾವ ಊರಿನಲ್ಲಾದರೂ ಕೊಂಡು ಹಾಕಬಹುದು.

ಲಿಕ್ವಿಡ್ ಕೂಲರ್‌ನಲ್ಲಿ ಕೆಡುವುದು ಪಂಪು. ಜೊತೆಗೆ ರಬ್ಬರ್ ನಳಿಗೆಯ ಮೂಲಕ ನೀರಿನಂಶ ವರ್ಷಗಟ್ಟಲೆ ನಿಧಾನವಾಗಿ ನುಸುಳಿ ಹೋಗುತ್ತಲೇ ಇರುತ್ತದೆ, ಸೆಕೆ ಹೆಚ್ಚಾದಷ್ಟೂ ಬೇಗ. ಆ ಜಾಗಕ್ಕೆ ಗಾಳಿ ಸೇರುತ್ತದೆ, ಪಂಪು ಗೊರಗೊರ ಎನ್ನತೊಡಗುತ್ತದೆ. ಮಾಮೂಲು ಮಾದರಿಗಳಲ್ಲಿ ನೀರು ತುಂಬಿಸುವ ಬಾಯಿಯಾಗಲಿ ಬಿಚ್ಚಿ ಸರಿಪಡಿಸುವ ದಾರಿಯಾಗಲಿ ಇರುವುದಿಲ್ಲ. ಪಂಪು ನಿಂತರೆ ಪ್ರೊಸೆಸರ್ ಸುಟ್ಟುಹೋಗುತ್ತದೆ ಎಂದು ಹೆದರಿಸುವುದೂ ತಪ್ಪು. ಈಗಿನ ಚಿಪ್‌ಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಇಲ್ಲವೇ ಆಫ್ ಆಗುತ್ತವೆ. ಆದರೆ ಪುಣೆಯ ಬಾಡಿಗೆ ಮನೆಯಲ್ಲಿ ಕೂತು ವಿಡಿಯೊ ಎಡಿಟಿಂಗ್ ಮಾಡಿ ಸಂಪಾದಿಸುವ ಹುಡುಗಿಗೆ, ವಾರಂಟಿಗೆ ಹೋದ ಕೂಲರ್ ಮರಳಿ ಬರುವವರೆಗೆ ಸುಮ್ಮನೆ ಕೂತಿರುವ ಯಂತ್ರ ಅಂದರೆ ಕೈತಪ್ಪಿದ ಕೆಲಸ. ಏರ್ ಕೂಲರ್‌ನ ಫ್ಯಾನು ಕೆಟ್ಟಿದ್ದರೆ ಅಂದೇ ಸಂಜೆ ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

ಸೋರಿಕೆ ಅಪರೂಪ, ನಿಜ. ಆದರೂ ಆಪಲ್‌ನಂಥ ಕಂಪನಿ 2004ರಲ್ಲಿ ಪವರ್ ಮ್ಯಾಕ್ ಜಿ5ಗೆ ಲಿಕ್ವಿಡ್ ಕೂಲಿಂಗ್ ಕೊಟ್ಟು, ಅವುಗಳಲ್ಲಿ ಕೆಲವು ಸೋರಿ, 2006ರ ಮ್ಯಾಕ್ ಪ್ರೊಗೆ ಗಾಳಿಯನ್ನೇ ನೆಚ್ಚಿಕೊಂಡಿತು. ಅತ್ತ 2014ರ ನಾಕ್ಚುವಾ ಎನ್ಎಚ್-ಡಿ15 ಎಂಬ ಏರ್ ಕೂಲರ್ ತಕ್ಕ ಕಿಟ್ ಹಾಕಿದರೆ 2022ರ ಎಎಂ5 ಸಾಕೆಟ್ ಮೇಲೂ ಕೂರುತ್ತದೆ.

ಹಾಗಾದರೆ ಲಿಕ್ವಿಡ್ ಯಾರಿಗೆ? ಇಂಟೆಲ್‌ನ ಕೋರ್ ಐ9-14900ಕೆ ಪೂರ್ತಿ ಓಡಿದರೆ 253 ವ್ಯಾಟ್‌ವರೆಗೆ ಹೋಗುತ್ತದೆ. ದಿನವಿಡೀ ತ್ರೀಡಿ ರೆಂಡರಿಂಗ್ ಮಾಡುವವರಿಗೆ ಅಲ್ಲಿ 360 ಮಿಲಿಮೀಟರ್ ರೇಡಿಯೇಟರ್‌ನಿಂದ ಲಾಭ ಖಂಡಿತ ಇದೆ. ಎತ್ತರದ ಕೂಲರ್ ಹಿಡಿಸದ ಪುಟ್ಟ ಕ್ಯಾಬಿನೆಟ್‌ಗೂ ಅದು ಬೇಕಾಗಬಹುದು. ಆದರೆ ಅಂಗಡಿಯಿಂದ ಮನೆಗೆ ಹೋಗುವ ಚಿಪ್‌ಗಳೆಲ್ಲ ಐ9 ಅಲ್ಲವಲ್ಲ. ರೈಜನ್ 5 7600ರ ದರ್ಜೆ 65 ವ್ಯಾಟ್, ಅದರ ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಗೇಮ್ ಆಡುವವರ ಅಚ್ಚುಮೆಚ್ಚಿನ 7800ಎಕ್ಸ್3ಡಿ ಆಟದ ಹೊತ್ತಿನಲ್ಲಿ ಸಾಮಾನ್ಯವಾಗಿ 100 ವ್ಯಾಟ್ ಒಳಗೇ ಇರುತ್ತದೆ. ಅದರಲ್ಲಿ ಕೋರ್‌ಗಳ ಮೇಲೆ ಇನ್ನೊಂದು ಸಿಲಿಕಾನ್ ಪದರ ಕೂತಿರುವುದರಿಂದ ಶಾಖ ಸಿಕ್ಕಿಹಾಕಿಕೊಳ್ಳುವುದು ಚಿಪ್‌ನ ಒಳಗೇ. ಹೊರಗೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಆ ಇಕ್ಕಟ್ಟು ಸಡಿಲವಾಗುವುದಿಲ್ಲ.

ಅಂಗಡಿಯವರು ತೋರಿಸುವ ಐದು ನಿಮಿಷದ ಪರೀಕ್ಷೆಯನ್ನೂ ನಂಬಬೇಕಿಲ್ಲ. ನೀರು ಕಾಯುವುದಕ್ಕೆ ಹೊತ್ತು ಹಿಡಿಯುತ್ತದೆ, ಆದ್ದರಿಂದ ಮೊದಲ ನಿಮಿಷಗಳಲ್ಲಿ ಲಿಕ್ವಿಡ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅರ್ಧ ಗಂಟೆ ಓಡಿಸಿ ನೋಡಿದರೆ ಅಂತರ ಕುಗ್ಗಿರುತ್ತದೆ. ‘ಡೇಟಾ ಸೆಂಟರ್‌ಗಳೆಲ್ಲ ಲಿಕ್ವಿಡ್‌ಗೆ ಹೋಗುತ್ತಿವೆ’ ಎಂಬುದು ಇನ್ನೊಂದು ವಾದ. ಹೋಗುತ್ತಿವೆ, ಒಂದೇ ರ‍್ಯಾಕ್‌ನಲ್ಲಿ ನೂರು ಕಿಲೋವ್ಯಾಟ್ ತುಂಬಿಸುವವರು. ಅಲ್ಲಿ ಪಂಪು ನೋಡಿಕೊಳ್ಳಲು ಹಗಲೂ ರಾತ್ರಿ ಜನ ಇರುತ್ತಾರೆ.

ಎರಡು-ಮೂರು ಸಾವಿರದ ಒಳ್ಳೆಯ ಏರ್ ಕೂಲರ್ ಕೊಂಡು ಉಳಿದ ಹಣದಲ್ಲಿ ಮುಂದೆ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್, ಎರಡು ಫ್ಯಾನು, ಕರೆಂಟು ಪದೇಪದೇ ಹೋಗುವ ಬಡಾವಣೆಯಾದರೆ ಒಂದು ಯುಪಿಎಸ್ ತರಬಹುದು. ಆಗಲೂ ಬಿಸಿ ಅನ್ನಿಸಿದರೆ ಬಯೋಸ್‌ನಲ್ಲಿ ವ್ಯಾಟ್ ಮಿತಿ ಇಳಿಸಬಹುದು. ಅರ್ಧದಷ್ಟು ವಿದ್ಯುತ್ ಇಳಿಸಿದರೂ ವೇಗ ಅರ್ಧವಾಗುವುದಿಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ದೊಡ್ಡ ಏರ್ ಕೂಲರ್‌ಗಳು ಒಂದು ಕಿಲೋಗೂ ಹೆಚ್ಚು ತೂಗುತ್ತವೆ. ವರ್ಗವಾಗಿ ಹೈದರಾಬಾದಿನಿಂದ ದಿಲ್ಲಿಗೆ ಸಾಮಾನು ಸಾಗಿಸುವಾಗ ಅದನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು, ಹೊಸ ಮನೆಯಲ್ಲಿ ಥರ್ಮಲ್ ಪೇಸ್ಟ್ ಹಚ್ಚಿ ಮತ್ತೆ ಕೂರಿಸಬೇಕು. ಅರ್ಧ ಗಂಟೆಯ ಕೆಲಸ.