ಹೊಸಾ ಬೀಜ ಮೊದಲ ಒಂದ್ ಗುಂಟೆದಾಗ

ಈ ಸಲ ಕಬ್ಬು, ಸೋಯಾ ಬಿಟ್ಟು ಬ್ಯಾರೆ ಮಾತು ಬರೀತೀನಿ. ಆದ್ರ ತಿರಿಗಿ ಕಬ್ಬಿಗೇ ಬರತೈತಿ, ಪೂರ್ತಿ ಓದ್ರಿ.

ಬೇಡಕಿಹಾಳದಾಗ ನನ್ನ ಬಗ್ಗೆ ಒಂದ್ ಮಾತೈತಿ. "ಇವಗ ಸಂಜಿ ಆತಂದ್ರ ಕಂಪ್ಯೂಟರ್ ಕೆಡಸೂದು, ಕಟ್ಟೂದು ಇಷ್ಟ ಕೆಲಸ" ಅಂತ. ಸುಳ್ಳಲ್ಲ. ನಾಕೈದು ವರ್ಷದಾಗ ಹಳೇ ಲ್ಯಾಪ್‌ಟಾಪಿನ ಮ್ಯಾಲ ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಲ್ಲಾ ಹಾಕಿ ನೋಡೀನಿ. ಯಾರೂ ಹೇಳಿಲ್ಲ, ಯಾರೂ ರೊಕ್ಕಾ ಕೊಡೂದಿಲ್ಲ. ಹುಚ್ಚು ಅಷ್ಟ.

ಈ ಹುಚ್ಚು ನನಗ ಒಂದ್ ಸಲ ಭಾಳ ತುಟ್ಟಿ ಆತು. ಒಂದ್ ರಾತ್ರಿ ಹೊಸಾದು ಇನ್‌ಸ್ಟಾಲ್ ಮಾಡುವಾಗ "ಇಡೀ ಡಿಸ್ಕ್ ಅಳಿಸು" ಅನ್ನೂದನ್ನ ಸರಿಯಾಗಿ ಓದಲಾರದ ಒತ್ತಿಬಿಟ್ಟೆ. ಅದರಾಗ ನಮ್ಮ ಮನಿಯಾಕಿಯ ಸ್ವಸಹಾಯ ಸಂಘದ ಮೂರು ವರ್ಷದ ಲೆಕ್ಕ ಇತ್ತು. ಇನ್ನೊಂದ್ ಕಡೆ ಕಾಪಿ ಇಟ್ಟಿರಲಿಲ್ಲ. ನಾಕ್ ರಾತ್ರಿ ಪಾಸ್‌ಬುಕ್ ಮುಂದಿಟ್ಕೊಂಡು ತಿರಿಗಿ ಬರದ್ವಿ. ಆದ್ರೂ ಒಬ್ಬಾಕಿ "ನಾ ಕಂತು ತುಂಬೀನಿ" ಅಂದ್ಲು, ಇನ್ನೊಬ್ಬಾಕಿ "ತುಂಬಿಲ್ಲ" ಅಂದ್ಲು. ಇಬ್ಬರೂ ಒಂದ ಓಣಿಯವರು. ಆ ಕಂತು ನಾನ ತುಂಬಿದೆ, ಆದ್ರ ಅವರ ಮಾತುಕತಿ ಮೊದಲಿನಂಗ ಆಗಾಕ ಮುಂದಿನ ಯುಗಾದಿ ಬಂತು. ಮನಿಯಾಕಿ ಬೈಲಿಲ್ಲ. "ಹೊಸಾ ಬೀಜ ಬಂತಂತ ಪೂರಾ ಹೊಲಕ್ಕ ಹಾಕ್ತೀರೇನು?" ಅಂತ ಇಷ್ಟ ಕೇಳಿದ್ಲು.

ಅವತ್ತಿಂದ ನನ್ನ ಕಾಯ್ದೆ ಅದ. ಮೊದಲ ಒಂದ್ ಗುಂಟೆ. ಲಿನಕ್ಸ್‌ನಾಗ ಇದಕ್ಕ ಅನುಕೂಲನೂ ಐತಿ. ಪೆನ್‌ಡ್ರೈವಿಗೆ ಹಾಕ್ಕೊಂಡು, ಇನ್‌ಸ್ಟಾಲ್ ಮಾಡಲಾರದ ಅದರಿಂದನ ಚಾಲೂ ಮಾಡಿ ನೋಡಬಹುದು. ವೈಫೈ ಹತ್ತತೈತೇನು, ಪ್ರಿಂಟರ್ ನಡೀತೈತೇನು, ಕನ್ನಡ ಮೂಡತೈತೇನು ನೋಡ್ರಿ. ಪಸಂದ ಬರಲಿಲ್ಲ ಅಂದ್ರ ಪೆನ್‌ಡ್ರೈವ್ ಕಿತ್ತಿಡ್ರಿ, ಹಳೇದು ಇದ್ದಂಗ ಇರತೈತಿ. ಪಸಂದ ಬಂದ್ರೂ ಮೊದಲ ಫೈಲ್ ಕಾಪಿ ಎರಡ ಕಡೆ ಇಡ್ರಿ, ಆಮ್ಯಾಲ ಮುಂದಿನ ಕೆಲಸ.

ಈಗ ಯಾಕ ಇದನ್ನ ಬರೀಲಿಕ್ಕತ್ತೀನಿ ಅಂದ್ರ, 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಕಂಪನಿಯ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಹಾಕಬೇಕಂದ್ರ ಟಿಪಿಎಂ 2.0 ಅನ್ನೂ ಭಾಗ ಬೇಕು, ಹತ್ತು ವರ್ಷದ ಹಿಂದಿನ ಭಾಳ ಮಷಿನ್‌ನಾಗ ಅದಿಲ್ಲ. ಹಂಗಂತ ಚೊಲೋ ನಡಿಯೂ ಮಷಿನ್ ಗುಜರಿಗೆ ಹಾಕೂದು ನನಗ ಒಪ್ಪೂದಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿಗೆ ಇರೂದು 4 ಜಿಬಿ ರ‍್ಯಾಮ್. ಹಾರ್ಡ್‌ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಿ, ಮಿಂಟ್‌ನ ಹಗರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕೀನಿ. ಮಗಳ ಶಾಳಿ ಕೆಲಸ, ನನ್ನ ಲೆಕ್ಕ ಎರಡೂ ಆರಾಮ ನಡೀತಾವ.

ಕೆಲವರು "ಮೊಬೈಲಿನಾಗ ಎಲ್ಲಾ ಐತಲ್ಲೋ, ಯಾಕ ತಲಿ ಕೆಡಸ್ಕೋತಿ" ಅಂತಾರ. ಮಾತು ಖರೇನ. ಹವಾಮಾನ, ಪೇಟಿ ಧಾರಣಿ ನೋಡಾಕ ಮೊಬೈಲ್ ಸಾಕು. ಆದ್ರ ನಮ್ಮ ಲೆಕ್ಕ ಮಂದಿ ಆ್ಯಪಿನಾಗ ಇಟ್ರ ಅದು ಮಂದಿ ಕಣಜದಾಗ ಕಾಳು ಇಟ್ಟಂಗ. ಆ್ಯಪ್ ಬಂದ್ ಆತು, ನಂಬರ್ ಬದಲಾತು ಅಂದ್ರ ಯಾರನ್ನ ಕೇಳೂದು?

ನನ್ನ ಲೆಕ್ಕದ ಮಾತು ಕೇಳ್ರಿ. ಕಬ್ಬು ಹೋದ ದಿನ, ಟ್ರಿಪ್, ಕಾಟಾದ ವಜನ ಎಲ್ಲಾ ಲಿಬ್ರೆಆಫೀಸ್ ಹಾಳಿಯಾಗ ಬರ್ಕೊತೀನಿ. ಒಂದಿಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಮ್ ಬರದೀನಿ, ಅದು ಎಫ್‌ಆರ್‌ಪಿ ತಗೀತೈತಿ. 2025-26ರ ಹಂಗಾಮಿಗೆ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಅದರ ಮ್ಯಾಲ ಪ್ರತಿ 0.1ಕ್ಕ 3 ರೂಪಾಯಿ 46 ಪೈಸೆ. ರಿಕವರಿ 11.25 ಅಂತ ಹಿಡದ್ರ ಟನ್ನಿಗೆ 3,896 ಆತು, ಅದರಾಗ ಕಟಾವು-ಸಾಗಾಣಿಕಿ ಖರ್ಚು ಕಳೀಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಾಗ ಬಿಲ್ ಕೊಡಬೇಕು, ತಡಾ ಆದ್ರ ವರ್ಷಕ್ಕ ನೂರಕ್ಕ 15 ಬಡ್ಡಿ. ಅಂದ್ರ ಒಂದ್ ಲಕ್ಷದ ಬಿಲ್ 30 ದಿನ ತಡಾ ಆದ್ರ ಸುಮಾರು 1,233 ರೂಪಾಯಿ. ಈ ಆಕಡೆ ನಮ್ಮ ಕೈಯಾಗ ಇಲ್ಲಂದ್ರ ನಾವು ಕೇಳೂದಾದ್ರೂ ಏನು? ಹಿಂದಿನ ಹಂಗಾಮಿನಾಗ ನಮ್ಮ ಒಂದ್ ಟ್ರಿಪ್ ಬಿಲ್ಲಿನಾಗ ಬಿಟ್ಟಿತ್ತು. ಹಾಳಿ ಮುದ್ರಿಸ್ಕೊಂಡು, ಪಾವತಿ ಹಚ್ಚಿ ಕೊಟ್ಟೆ. ಜಗಳಾ ಆಗಲಿಲ್ಲ, ತಿದ್ದಿ ಕೊಟ್ರು.

ರೈತರಿಗೆ ಇದೆಲ್ಲಾ ಯಾಕ ಅನ್ನವರಿಗೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ನೆನಪ ಮಾಡ್ತೀನಿ. ಕಾಫಿ ತೋಟ ಮಾಡ್ಕೊಂಡ ಇದ್ದವರು. ಬರವಣಿಗಿ, ಫೋಟೋ, ಮೀನು ಹಿಡಿಯೂದರ ಜೋಡಿ ಕಂಪ್ಯೂಟರಿನ ಹುಚ್ಚೂ ಇತ್ತು. ಕನ್ನಡಕ್ಕ ಚೊಲೋ ತಂತ್ರಾಂಶ ಬೇಕಂತ ದನಿ ಎತ್ತಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದ ಅವರ ಒತ್ತಾಸೆ ಇತ್ತು. ಕೆ.ಪಿ. ರಾವ್ ಮಾಡಿದ ಕೀಲಿಮಣಿ ಇವತ್ತು ಲಿನಕ್ಸ್‌ನಾಗೂ ಐತಿ. ನುಡಿಯೊಳಗ ಕೈ ಕುಂತವರು ಹೊಸಾದಾಗಿ ಕಲಿಯೂದ ಬ್ಯಾಡ. ಆದ್ರ ನುಡಿ, ಬರಹದ ಹಳೇ ಫಾಂಟಿನಾಗ ಬರದ ಕಾಗದ ಇದ್ರ ಯುನಿಕೋಡಿಗೆ ಬದಲಿಸಿ ಇಡ್ರಿ. ಆ ಫಾಂಟ್ ಇಲ್ಲದ ಮಷಿನ್‌ನಾಗ ತಗದ್ರ ಕನ್ನಡದ ಬದಲಿ ಇಂಗ್ಲಿಷ್ ಅಕ್ಷರದ ಗೊಂದಲ ಕಾಣತೈತಿ.

ಲಿನಕ್ಸ್ 1991ರಾಗ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅನ್ನೂ ಕಾಲೇಜ್ ಹುಡುಗ ಹವ್ಯಾಸಕ್ಕಂತ ಚಾಲೂ ಮಾಡಿದ್ದು. ಬರದಿದ್ದನ್ನ ಎಲ್ಲಾರ ಮುಂದ ಇಟ್ಟ, ಮಂದಿ ಕೈ ಹಚ್ಚಿದ್ರು. ನಮ್ಮಲ್ಲಿ ಮುಯ್ಯಾಳು ಹೋಗೂದು ಇದ್ದಂಗ: ಇವತ್ತ ನಿನ್ನ ಹೊಲಕ್ಕ ನಾ, ನಾಳಿ ನನ್ನ ಹೊಲಕ್ಕ ನೀ. ಮುಯ್ಯಿ ಗೊತ್ತಿದ್ದವಗ ಇದನ್ನ ತಿಳಿಸಿ ಹೇಳೂದು ಬ್ಯಾಡ.

ಎಲ್ಲಾರೂ ಪ್ರೋಗ್ರಾಮ್ ಕಲೀರಿ ಅನ್ನೂದಿಲ್ಲ. ಊರಿಗೆ ಇಬ್ಬರು ಇಂಥಾ ಹುಚ್ಚರು ಇರಲಿ, ಅವರನ್ನ ನಗಬ್ಯಾಡ್ರಿ ಅಂತೀನಿ ಅಷ್ಟ. ಹುಚ್ಚರೂ ಒಂದ್ ನೆನಪ ಇಟ್ಕೋಬೇಕು: ಪ್ರಯೋಗ ನಿಮ್ಮ ಮಷಿನ್ ಮ್ಯಾಲ, ಮಂದಿ ಲೆಕ್ಕದ ಮ್ಯಾಲ ಅಲ್ಲ.

ಯಾರರೆ ನೋಡವರಿದ್ರ ಹಳೇ ಲ್ಯಾಪ್‌ಟಾಪ್ ಮತ್ತ ಒಂದ್ 8 ಜಿಬಿ ಪೆನ್‌ಡ್ರೈವ್ ತಗೊಂಡ ಬರ್ರಿ. ಸಂಜೀಮುಂದ ಹೊಲದಿಂದ ಬಂದಿರತೀನಿ, ಚಾ ಕುಡ್ಕೋತ ನೋಡೋಣು. ಬರೂ ಮುಂದ ಮಾತ್ರ ನಿಮ್ಮ ಫೈಲ್ ಕಾಪಿ ಮನ್ಯಾಗ ಇಟ್ಟ ಬರ್ರಿ.